ಮಾಡು ಹತ್ತುವ ಮೊದಲು



ಮೇ ತಿಂಗಳು ಅರ್ಧಕ್ಕೆ ಬಂದಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರೂ ತಾಲ್ಲೂಕುಗಳ ತೋಟಿಗರ ಮನೆಗಳಲ್ಲಿ ಒಂದೇ ಗಡಿಬಿಡಿ. ಕಟ್ಟಿಗೆ ಒಳಗೆ ಬರಬೇಕು, ದರಕು ಕೊಟ್ಟಿಗೆಗೆ ಸೇರಬೇಕು, ಅಂಗಳದ ಅಟ್ಟ ಬಿಚ್ಚಿ ದಬ್ಬೆಯನ್ನು ಸೂರಿನಡಿ ಪೇರಿಸಬೇಕು, ಉಳಿದ ಚಾಲಿಯನ್ನು ಮೂಟೆ ಕಟ್ಟಬೇಕು, ಕಾಫಿ ಇಟ್ಟ ಕೋಣೆಯ ಸೋರುವ ಮೂಲೆಯನ್ನು ನೋಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮೃಗಶಿರೆ ಮಳೆ ಹಿಡಿಯುವುದರೊಳಗೆ ಹಂಚು ಕೈಯಾಡಿಸಿ ಮುಗಿಯಬೇಕು. ವರ್ಷಕ್ಕೆ ಸುಮಾರು ನೂರು ಅಂಗುಲ ಮಳೆ ಸುರಿಯುವ ನಮ್ಮ ಸೀಮೆಯಲ್ಲಿ ಮಾಡು ಭದ್ರವಿಲ್ಲದ ಮನೆ ಮನೆಯೇ ಅಲ್ಲ.

ಈ ಪತ್ರಿಕೆಯಲ್ಲಿ ಈ ದಿನಗಳಲ್ಲಿ ಸಾಮಾನ್ಯವಾಗಿ ಕೊಳೆಮದ್ದಿನ ವಿಷಯ, ಬೆಳೆಸಾಲದ ಕಂತಿನ ವಿಷಯ ಬರೆಯುವುದು ರೂಢಿ. ಈ ಸಲ ಮಾಡಿನ ಮೇಲೆ ಹತ್ತುವ ಮನುಷ್ಯನ ವಿಷಯ ಬರೆಯಬೇಕೆಂದಿದ್ದೇನೆ. ಬರೆಯಲು ನನಗಿರುವ ಅರ್ಹತೆ ಒಂದೇ: ನನ್ನ ಮನೆಯಲ್ಲೇ ಒಬ್ಬ ಬಿದ್ದಿದ್ದಾನೆ.

ನಮ್ಮಲ್ಲಿ ನಡೆದದ್ದು

ಕೆಲವು ವರ್ಷಗಳ ಹಿಂದಿನ ಮಾತು. ಇಂಥದ್ದೇ ಮೇ ತಿಂಗಳು. ನಮ್ಮ ತಂದೆಯವರ ಕಾಲದಿಂದ ನಮ್ಮ ಮನೆಯ ಹಂಚು ಕೈಯಾಡಿಸುತ್ತಿದ್ದ ಕುಟುಂಬದ ಮನುಷ್ಯ, ನಲವತ್ತರ ಆಸುಪಾಸು. ಬೆಳಗಿನಿಂದ ಎತ್ತರದ ಮನೆಮಾಡಿನ ಮೇಲೆ ಬೆಕ್ಕಿನಂತೆ ಓಡಾಡಿ ಒಡೆದ ಹಂಚನ್ನೆಲ್ಲ ಬದಲಿಸಿ ಇಳಿದಿದ್ದ. ಸಂಜೆ ನಾಲ್ಕು ಗಂಟೆ. ಚಹಾ ಕುಡಿದು ಹೊರಡುವ ಹೊತ್ತಿಗೆ ನಾನೇ ಹೇಳಿದೆ: ‘ಕೊಟ್ಟಿಗೆ ಪಕ್ಕದ ಶೆಡ್ಡಿನ ಮೇಲೆ ಎರಡು ಬೋಲ್ಟು ಸಡಿಲಾಗಿದೆ. ಹೋಗುವಾಗ ಒಂಚೂರು ನೋಡಿಬಿಡು.’

ಅದು ಇಪ್ಪತ್ತು ವರ್ಷ ಹಳೆಯ ಸಿಮೆಂಟ್ ಶೀಟಿನ ಮಾಡು. ಎತ್ತರ ಹನ್ನೊಂದು ಅಡಿ. ಅವನು ಎರಡನೆಯ ಬೋಲ್ಟಿನ ಹತ್ತಿರ ಹೋಗಿದ್ದ. ಶೀಟು ಮುರಿದ ಸದ್ದು, ಕೆಳಗೆ ಗಾರೆ ನೆಲಕ್ಕೆ ಬಿದ್ದ ಸದ್ದು, ಎರಡೂ ಒಂದೇ ಕಾಲಕ್ಕೆ ಕೇಳಿದಂತಾಯಿತು.

ಬೆನ್ನೆಲುಬಿನ ಪೆಟ್ಟು. ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರು. ಆ ದಾರಿಯುದ್ದಕ್ಕೂ ಅವನು ಕೇಳಿದ್ದು ಒಂದೇ, ಕಾಲು ಯಾಕೆ ಗೊತ್ತಾಗುತ್ತಿಲ್ಲ ಎಂದು. ಪುಣ್ಯಕ್ಕೆ ಜೀವ ಉಳಿಯಿತು. ಎಂಟು ತಿಂಗಳ ಮೇಲೆ ಕೋಲು ಹಿಡಿದು ನಡೆದ. ಈಗಲೂ ಕೋಲು ಹಿಡಿದೇ ನಡೆಯುತ್ತಾನೆ. ಅವನು ಬಿದ್ದ ಮರುವಾರ ಅವನ ಹೆಂಡತಿ ನಮ್ಮ ಅಂಗಳಕ್ಕೆ ಬಂದಿದ್ದಳು. ಜಗಳಕ್ಕೆ ಬಂದಳೆಂದು ನಾನು ಹೆದರಿದ್ದೆ. ಆಕೆ ಕೇಳಿದ್ದು ಆ ದಿನದ ಪಗಾರು. ಮನೆಯಲ್ಲಿ ಅಕ್ಕಿ ಇರಲಿಲ್ಲ.

ಆಸ್ಪತ್ರೆಯ ಖರ್ಚನ್ನು ಆ ವರ್ಷದ ಚಾಲಿಯ ಹಣದಲ್ಲಿ ಕೊಟ್ಟೆ. ವಿಮೆ ಇರಲಿಲ್ಲ. ನಾನು ಓದಿದವನು, ಸಂಘದ ಕಾರ್ಯದರ್ಶಿ, ಅಡಿಕೆ ತುಂಬಿದ ಗೋದಾಮಿಗೆ ಪ್ರತಿವರ್ಷ ತಪ್ಪದೆ ಬೆಂಕಿವಿಮೆ ಮಾಡಿಸುವವನು. ಮಾಡು ಹತ್ತುವ ಮನುಷ್ಯನಿಗೆ ವಿಮೆ ಮಾಡಿಸಬೇಕೆಂಬುದು ನನ್ನ ತಲೆಗೆ ಒಮ್ಮೆಯೂ ಹೊಳೆದಿರಲಿಲ್ಲ.

ಅನಂತರ ಒಂದು ದಿನ ಅವನೇ ಹೇಳಿದ: ‘ಹೆಗಡೇರೆ, ಹಂಚಾದ್ರೆ ಕಾಲಿಗೇ ಗೊತ್ತಾಗ್ತದೆ. ಒಡೆಯೂ ಮೊದ್ಲು ಕಿರ್ ಅಂತದೆ. ಆ ಶೀಟು ಮಾತ್ರ ಏನೂ ಹೇಳ್ಲಿಲ್ಲ ನೋಡಿ.’

ಮಾಡು ಬದಲಾಯಿತು, ಹತ್ತುವ ರೀತಿ ಬದಲಾಗಲಿಲ್ಲ

ಅವನ ಆ ಮಾತಿನಲ್ಲಿ ಇಡೀ ವಿಷಯ ಅಡಗಿದೆ. ನಮ್ಮ ಅಜ್ಜಂದಿರ ಕಾಲದಲ್ಲಿ ಸೋಗೆ ಇಲ್ಲವೆ ಕರಡದ ಮಾಡು. ತಗ್ಗಾದ ಸೂರು, ಕೆಳಗೆ ಮಣ್ಣಿನ ಅಂಗಳ. ಬಿದ್ದರೂ ಎದ್ದು ಮಣ್ಣು ಕೊಡವಿಕೊಂಡು ಹೋಗುವವರೇ ಹೆಚ್ಚು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹಂಚು ಕ್ರಮೇಣ ಘಟ್ಟ ಹತ್ತಿ ನಮ್ಮ ಕಡೆಗೂ ಬಂತು. ಹಂಚಿನ ಕೆಳಗೆ ರೀಪು, ಅದರ ಕೆಳಗೆ ಪಕಾಸು, ಪಕಾಸಿನ ಕೆಳಗೆ ತೊಲೆ. ಎಲ್ಲಿ ಕಾಲಿಟ್ಟರೆ ತಡೆಯುತ್ತದೆಂದು ಅನುಭವಿಗೆ ತಿಳಿಯುತ್ತದೆ.

ಕಳೆದ ಕೆಲವು ದಶಕಗಳಲ್ಲಿ ಕೊಟ್ಟಿಗೆ, ಗೊಬ್ಬರಗುಂಡಿ, ಅಡಿಕೆ ಬೇಯಿಸುವ ಮನೆ, ಕಾಫಿ ಮತ್ತು ಮೆಣಸಿನ ಗೋದಾಮು, ಇವಕ್ಕೆಲ್ಲ ಸಿಮೆಂಟ್ ಶೀಟು ಬಂತು. ಬೆಳಕಿಗೆಂದು ನಡುನಡುವೆ ಪಾರದರ್ಶಕ ಫೈಬರ್ ಶೀಟು ಬಂತು. ಆಮೇಲೆ ಬಣ್ಣದ ತಗಡಿನ ಶೀಟು ಬಂತು, ಒಣಗಿಸಲು ಪ್ಲಾಸ್ಟಿಕ್ ಹೊದಿಕೆಯ ಮನೆ ಬಂತು, ಈಗ ಮಾಡಿನ ಮೇಲೆ ಸೋಲಾರ್ ಫಲಕ ಬರುತ್ತಿದೆ. ಅಂಗಳವೂ ಮಣ್ಣು ಹೋಗಿ ಕಾಂಕ್ರೀಟಾಗಿದೆ. ಆದರೆ ಹತ್ತುವವನು ಮಾತ್ರ ಸೋಗೆಮಾಡು ಹತ್ತಿದಂತೆಯೇ ಬರಿಗಾಲಿನಲ್ಲಿ, ಬರಿಗೈಯಲ್ಲಿ ಹತ್ತುತ್ತಿದ್ದಾನೆ.

ಹನ್ನೆರಡು ಅಡಿ ಎತ್ತರದಿಂದ ಬಿದ್ದವನು ನೆಲ ಮುಟ್ಟಲು ಒಂದು ಸೆಕೆಂಡೂ ಬೇಡ. ಮುಟ್ಟುವಾಗಿನ ವೇಗ ಗಂಟೆಗೆ ಮೂವತ್ತು ಕಿಲೋಮೀಟರು. ಅಷ್ಟು ವೇಗದಲ್ಲಿ ಹೋಗುವ ಮೋಟಾರು ಸೈಕಲ್ಲಿನಿಂದ ತಲೆಕೆಳಗಾಗಿ ರಸ್ತೆಗೆ ಬಿದ್ದಂತೆ. ಹಾಗಿದ್ದೂ ಹನ್ನೆರಡು ಅಡಿಯನ್ನು ನಾವು ಎತ್ತರವೆಂದು ಎಣಿಸುವುದೇ ಇಲ್ಲ. ಐವತ್ತು ಅಡಿಯ ಅಡಿಕೆ ಮರವನ್ನು ದಿನವೂ ನೋಡುವ ಕಣ್ಣಿಗೆ ಅದು ಗಿಡ್ಡ.

ಕೊನೆಗೌಡನನ್ನೇ ನೋಡಿ. ಮರ ಹಸಿಯಾಗಿದ್ದರೆ ಅವನು ಹತ್ತುವುದಿಲ್ಲ, ಒಣಗುವ ತನಕ ಕಾಯುತ್ತಾನೆ. ಹತ್ತುವ ಮೊದಲು ಬುಡ ತಟ್ಟಿ ನೋಡುತ್ತಾನೆ. ತಳೆ ಸವೆದಿದ್ದರೆ ಬದಲಿಸುತ್ತಾನೆ. ನಾವೂ ಅವನನ್ನು ಅವಸರಿಸುವುದಿಲ್ಲ. ಅದೇ ನಾವು, ಮಾಡಿನ ವಿಷಯ ಬಂದಾಗ ಸಂಜೆ ನಾಲ್ಕಕ್ಕೆ ‘ಒಂಚೂರು ನೋಡಿಬಿಡು’ ಎನ್ನುತ್ತೇವೆ.

ಹತ್ತಲೇಬೇಕೇ?

ಬ್ರಿಟನ್ನಿನಲ್ಲಿ 2005ರಲ್ಲಿ ಎತ್ತರದ ಕೆಲಸಕ್ಕೆಂದೇ ನಿಯಮಗಳನ್ನು ಮಾಡಿದರು. ಅದರ ಸಾರ ಮೂರು ಮಾತು. ಹತ್ತದೆ ಮಾಡಲು ಬಂದರೆ ಹತ್ತಬೇಡ. ಹತ್ತಲೇಬೇಕಾದರೆ ಬೀಳದಂತೆ ಏರ್ಪಾಡು ಮಾಡು. ಬೀಳುವುದನ್ನು ಪೂರ್ತಿ ತಡೆಯಲಾಗದಿದ್ದರೆ ಬಿದ್ದರೂ ಪೆಟ್ಟಾಗದಂತೆ ಮಾಡು. ನಮ್ಮ ಅಂಗಳಕ್ಕೂ ಈ ಕ್ರಮವೇ ಸರಿ.

ಹತ್ತದೆ ಆಗುವ ಕೆಲಸಗಳು ನಾವೆಣಿಸಿದ್ದಕ್ಕಿಂತ ಹೆಚ್ಚಿವೆ. ಮುಚ್ಚಿಗೆ ಇಲ್ಲದ ಮನೆಯಲ್ಲಿ ಒಂದೆರಡು ಒಡೆದ ಹಂಚನ್ನು ಒಳಗಿನಿಂದಲೇ, ಗಟ್ಟಿ ಅಟ್ಟಣಿಗೆಯ ಮೇಲೆ ನಿಂತು, ಮೇಲಿನ ಸಾಲಿನ ಹಂಚನ್ನು ಸ್ವಲ್ಪ ಎತ್ತಿ ಬದಲಿಸಬಹುದು. ಸೂರಿನ ದಂಬೆಯ ಕಸವನ್ನು ಉದ್ದ ಕೋಲಿಗೆ ಕೊಕ್ಕೆ ಕಟ್ಟಿ ನೆಲದಿಂದಲೇ ಎಳೆಯಬಹುದು. ಸೋಲಾರ್ ಫಲಕವನ್ನು ಉದ್ದ ಹಿಡಿಕೆಯ ಕುಂಚದಿಂದ ತೊಳೆಯಬಹುದು. ಮಾಡಿನ ಮೇಲೆ ಚಾಚಿದ ಹಲಸಿನ ಟೊಂಗೆಯನ್ನು ಚಳಿಗಾಲದಲ್ಲೇ ಕಡಿಸಿದರೆ ದರಕು ಬಳಿಯಲು ವರ್ಷಕ್ಕೆ ಮೂರು ಸಲ ಹತ್ತುವುದು ಒಂದು ಸಲಕ್ಕೆ ಇಳಿಯುತ್ತದೆ. ಹೊಸ ಶೆಡ್ಡು ಕಟ್ಟಿಸುವವರು ಶೀಟಿಗೆ ತೂತು ಕೊರೆಯುವುದು, ಕಬ್ಬಿಣಕ್ಕೆ ಬಣ್ಣ ಬಳಿಯುವುದು ಮುಂತಾದವನ್ನು ಕೆಳಗೇ ಮುಗಿಸಿಕೊಳ್ಳಬೇಕು. ನನ್ನ ಆ ಎರಡು ಬೋಲ್ಟುಗಳನ್ನೂ ಒಳಗಿನಿಂದ ಏಣಿ ಹಾಕಿ ಬಿಗಿ ಮಾಡಬಹುದಿತ್ತು.

ಏಣಿ

ಬಿದಿರಿನ ಏಣಿ ಕೊಟ್ಟಿಗೆಯ ಹಿಂದೆ ವರ್ಷಪೂರ್ತಿ ಬಿದ್ದಿರುತ್ತದೆ. ಒರಲೆ, ಹುಳ, ತೇವ ಎಲ್ಲ ಅದಕ್ಕೆ ಮುತ್ತುತ್ತವೆ. ಆದುದರಿಂದ ಈ ಕೆಳಗಿನವನ್ನು ಗಮನಿಸಬೇಕು.

1. ಏಣಿಯನ್ನು ನೆಲದ ಮೇಲೆ ಮಲಗಿಸಿ ಒಂದೊಂದೇ ಮೆಟ್ಟಿಲನ್ನು ತುಳಿದು ನೋಡಿ. ಬಿದಿರಿನ ಗಂಟಿನ ಬಳಿ ಬಿರುಕು, ಹುಳದ ಪುಡಿ ಕಂಡರೆ ಒಲೆಗೆ ಹಾಕಿ. ಮರದ ಏಣಿಗೆ ಬಣ್ಣ ಬಳಿಯಬೇಡಿ. ಬಣ್ಣದಡಿ ಬಿರುಕು ಕಾಣುವುದಿಲ್ಲ.

2. ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಬುಡವನ್ನು ಗೋಡೆಯಿಂದ ದೂರ ಇಡಿ. ಹನ್ನೆರಡು ಅಡಿಗೆ ಹತ್ತುವುದಾದರೆ ಬುಡ ಮೂರು ಅಡಿ ಹೊರಗೆ.

3. ಏಣಿಯ ತುದಿ ಸೂರಿಗಿಂತ ಮೂರು ಅಡಿ ಮೇಲೆ ಇರಲಿ. ಏಣಿಯಿಂದ ಮಾಡಿಗೆ ಕಾಲು ಬದಲಿಸುವಾಗ ಹಿಡಿಯಲು ಏನೂ ಇಲ್ಲದಿದ್ದರೆ ಅಪಾಯ ಆ ಒಂದು ಹೆಜ್ಜೆಯಲ್ಲೇ ಇದೆ.

4. ತುದಿಯನ್ನು ಕಟ್ಟಿರಿ. ಕಟ್ಟುವ ತನಕ ಬುಡವನ್ನು ಒಬ್ಬ ಹಿಡಿದಿರಲಿ. ನುಣುಪಾದ ಕಾಂಕ್ರೀಟ್ ಅಂಗಳದಲ್ಲಿ ಬುಡಕ್ಕೆ ಅಡ್ಡ ಕೊಡಿ.

5. ಹತ್ತುವವನ ಎರಡೂ ಕೈ ಖಾಲಿ ಇರಲಿ. ಹಂಚು, ಸುತ್ತಿಗೆ ಎಲ್ಲವನ್ನೂ ಬುಟ್ಟಿಗೆ ಹಗ್ಗ ಕಟ್ಟಿ ಮೇಲೆ ಎಳೆದುಕೊಳ್ಳಬೇಕು.

ಗೋಡೆಗೆ ಸುಣ್ಣ ಬಣ್ಣ, ಗಿಲಾವು ಮಾಡಿಸುವಾಗ ಏಣಿ ಸಾಲದು, ಸಾರುವೆ ಕಟ್ಟಬೇಕು. ಕಳೆದ ವರ್ಷದ ಅಡಿಕೆ ಮರದ ಕಂಬವನ್ನೇ ಈ ವರ್ಷವೂ ಬಳಸುವ ಅಭ್ಯಾಸ ನಮ್ಮಲ್ಲಿದೆ. ಒಂದು ಮಳೆಗಾಲ ಕಂಡ ಅಡಿಕೆ ಕಂಬ ಹೊರಗೆ ಗಟ್ಟಿ ಕಂಡರೂ ಒಳಗೆ ಕುಂಬಾಗಿರುತ್ತದೆ. ಸಾರುವೆಯನ್ನು ಗೋಡೆಗೆ ಬಿಗಿದಿರಬೇಕು, ನಿಲ್ಲುವ ಹಲಗೆಗಳ ನಡುವೆ ಸಂದಿ ಇರಬಾರದು, ಹಲಗೆಯ ತುದಿ ಎಗರಬಾರದು, ಹೊರಬದಿಗೆ ಸೊಂಟದೆತ್ತರಕ್ಕೆ ಒಂದು ಅಡ್ಡಗಳು ಕಟ್ಟಿರಬೇಕು. ಈ ಒಂದು ಅಡ್ಡಗಳು ಕಟ್ಟಲು ಹತ್ತು ನಿಮಿಷ ಸಾಕು. ಶಿರಸಿ ಪೇಟೆಯಲ್ಲಾಗಲಿ, ಯಲ್ಲಾಪುರದ ಹೆದ್ದಾರಿ ಬದಿಯಲ್ಲಾಗಲಿ ಮಳಿಗೆ ಕಟ್ಟಿಸುತ್ತಿರುವ ಸದಸ್ಯರು ತಮ್ಮ ಕಟ್ಟಡದ ಎದುರು ನಿಂತು ಅದು ಇದೆಯೇ ಎಂದು ಒಮ್ಮೆ ತಲೆಯೆತ್ತಿ ನೋಡಬೇಕಾಗಿ ಕೋರಿಕೆ.

ಹಂಚಿನ ಮೇಲೆ, ಶೀಟಿನ ಮೇಲೆ

ಹಂಚಿನ ಮಾಡಿನ ಮೇಲೆ ಕಾಲು ಜಾರುವುದೇ ಮುಖ್ಯ ಭಯ. ಹಾವಸೆ ಕಟ್ಟಿದ ಬಡಗಣ ಮಗ್ಗುಲಿನ ಮೇಲೆ ಬೆಳಗಿನ ಇಬ್ಬನಿ ಆರದೆ ಹತ್ತಬಾರದು. ನೆತ್ತಿಗೆ ಕೊಕ್ಕೆಯಂತೆ ಸಿಕ್ಕಿಸುವ ಮಾಡೇಣಿ ಒಂದನ್ನು ಊರಿನ ಆಚಾರಿ ಒಂದು ದಿನದಲ್ಲಿ ಮಾಡಿಕೊಡುತ್ತಾನೆ. ಅದರ ಮೇಲೆ ನಡೆದರೆ ಹಂಚೂ ಒಡೆಯುವುದಿಲ್ಲ, ಕಾಲೂ ಜಾರುವುದಿಲ್ಲ. ಇನ್ನೊಂದು ಎಚ್ಚರ: ಹಂಚೊಂದು ಸುಮಾರು ಎರಡೂವರೆ, ಮೂರು ಕಿಲೋ ತೂಗುತ್ತದೆ. ಐವತ್ತು ಹಂಚನ್ನು ಒಂದೇ ಕಡೆ ಪೇರಿಸಿದರೆ ಹಳೆಯ ರೀಪಿನ ಮೇಲೆ ಇಬ್ಬರು ಮನುಷ್ಯರನ್ನು ಕೂರಿಸಿದಂತೆ. ಹಂಚಿಕೊಂಡು ಇಡಬೇಕು. ಹತ್ತುವ ಮೊದಲು ಒಳಗಿನಿಂದ ಟಾರ್ಚ್ ಹಾಕಿ ಪಕಾಸು, ರೀಪಿಗೆ ಒರಲೆ ಹತ್ತಿದೆಯೇ ಎಂದು ಮನೆಯ ಯಜಮಾನನೇ ನೋಡಿ, ಕೆಟ್ಟ ಜಾಗವನ್ನು ಹತ್ತುವವನಿಗೆ ತೋರಿಸಬೇಕು. ಮಾಡು ಯಾರದೋ ಅವನಿಗೇ ಅದರ ರೋಗ ಗೊತ್ತು.

ಸಿಮೆಂಟ್ ಶೀಟಿನ ಮಾತು ಬೇರೆ. ಅದರ ಮೇಲೆ ನೇರವಾಗಿ ಕಾಲಿಡಲೇಬಾರದು. ಬೋಲ್ಟಿನ ಸಾಲಿನ ಮೇಲೆ, ಅಂದರೆ ಅಡಿಯ ಅಡ್ಡ ತೊಲೆಯ ಮೇಲೆ ಹೆಜ್ಜೆಯಿಟ್ಟರೆ ಸಾಕು ಎಂಬ ನಂಬಿಕೆ ಎಲ್ಲ ಕಡೆಯೂ ಇದೆ. ಕಾಲು ಒಂದು ಗೇಣು ಆಚೀಚೆಯಾದರೆ ಆ ನಂಬಿಕೆ ಮುರಿಯುತ್ತದೆ. ಬಿಸಿಲು, ಮಳೆ ಕುಡಿದು ಹಳತಾದ ಶೀಟು ಇನ್ನಷ್ಟು ಪೆಡಸಾಗಿರುತ್ತದೆ. ಬೆಳಕಿನ ಫೈಬರ್ ಶೀಟಂತೂ ಧೂಳು, ಹಾವಸೆ ಕಟ್ಟಿ ಪಕ್ಕದ ಶೀಟಿನದೇ ಬಣ್ಣಕ್ಕೆ ತಿರುಗಿರುತ್ತದೆ, ಮೇಲಿನಿಂದ ಗುರುತೇ ಸಿಗುವುದಿಲ್ಲ. ಅಂಥ ಶೀಟಿನ ನಾಲ್ಕೂ ಅಂಚಿಗೆ ಕೆಂಪು ಬಣ್ಣದ ಗೆರೆ ಎಳೆಸಿ. ಶೀಟಿನ ಮೇಲೆ ಹೋಗಲೇಬೇಕಾದರೆ ಕನಿಷ್ಠ ಮೂರು ತೊಲೆಗಳ ಮೇಲೆ ಕೂರುವಷ್ಟು ಉದ್ದದ, ಒಂದೂವರೆ ಅಡಿಯಾದರೂ ಅಗಲದ ಹಲಗೆ ಎರಡು ಬೇಕು. ಒಂದರ ಮೇಲೆ ನಿಂತು ಇನ್ನೊಂದನ್ನು ಮುಂದೆ ಸರಿಸಿಕೊಳ್ಳುವುದು. ಕಲ್ನಾರು ಬೆರೆತ ಶೀಟನ್ನು ಒಣಗಿರುವಾಗ ಗರಗಸದಿಂದ ಕೊಯ್ಯಬಾರದು, ಅದರ ಧೂಳು ಶ್ವಾಸಕೋಶಕ್ಕೆ ಕೇಡು. ನೀರು ಹಾಕಿ ನೆನೆಸಿ, ಮೂಗಿಗೆ ಮುಖವಾಡ ಕಟ್ಟಿಕೊಂಡು ತೆಗೆಯಬೇಕು.

ತಗಡಿನ ಶೀಟು ಮುರಿಯುವುದಿಲ್ಲ, ಆದರೆ ಒಂದು ಹನಿ ಬಿದ್ದರೆ ಜಾರುಬಂಡೆ. ಮಧ್ಯಾಹ್ನದ ಬಿಸಿಲಿಗೆ ಅಂಗೈ ಊರಲಾಗದಷ್ಟು ಕಾಯುತ್ತದೆ. ಬಿಗಿಯದ ಶೀಟನ್ನು ಎತ್ತಿ ಹಿಡಿದಾಗ ಗಾಳಿ ಬಂದರೆ ಅದು ಮನುಷ್ಯನನ್ನೂ ಎಳೆದುಕೊಂಡೇ ಹೋಗುತ್ತದೆ.

ಮೇಲೆ ಕೆಲಸ ನಡೆಯುವಾಗ ಕೆಳಗಿನ ನೆಲವನ್ನೂ ನೋಡಬೇಕು. ಹಾರೆ, ಗುದ್ದಲಿ, ಕಲ್ಲು ತೆಗೆದಿಡಿ. ಮಕ್ಕಳು, ದನಕರು ಅತ್ತ ಬಾರದಂತೆ ಹಗ್ಗ ಎಳೆಯಿರಿ. ಒಳಗೆ ಒಂದಾಳೆತ್ತರಕ್ಕೆ ಸೊಪ್ಪಿನ ಹೊರೆ, ಹುಲ್ಲಿನ ಹೊರೆ ಒಟ್ಟಿಟ್ಟರೂ ಗಾರೆ ನೆಲಕ್ಕಿಂತ ಸಾವಿರ ಪಾಲು ವಾಸಿ.

ಹಗ್ಗ ಮತ್ತು ಬೆಲ್ಟು

ಈಗ ಪೇಟೆಯಲ್ಲಿ ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟೂ ಸಿಗುತ್ತದೆ, ಹೆಗಲು ಮತ್ತು ತೊಡೆ ಸೇರಿ ಇಡೀ ಮೈಗೆ ಹಾಕುವ ಬೆಲ್ಟೂ ಸಿಗುತ್ತದೆ. ಸೊಂಟದ ಬೆಲ್ಟಿನಲ್ಲಿ ಬಿದ್ದವನ ಹೊಟ್ಟೆ, ಬೆನ್ನಿಗೇ ಪೂರ್ತಿ ಎಳೆತ ಬೀಳುತ್ತದೆ. ಇಡೀ ಮೈಯ ಬೆಲ್ಟನ್ನೇ ಕೊಳ್ಳಿ. ಅದರ ಮೇಲೆ ಭಾರತೀಯ ಮಾನಕ ಸಂಸ್ಥೆಯ ಗುರುತು ಮತ್ತು 3521 ಎಂಬ ಸಂಖ್ಯೆ ಇರಬೇಕು. ಅಂತೆಯೇ ಗದ್ದಕ್ಕೆ ಪಟ್ಟಿ ಇರುವ ಹೆಲ್ಮೆಟ್, ಅದರ ಸಂಖ್ಯೆ 2925.

ಬೆಲ್ಟು ತಂದರೆ ಸಾಲದು, ಎಲ್ಲಿಗೆ ಕಟ್ಟುವುದೆಂಬುದೇ ಮುಖ್ಯ. ರೀಪಿಗೆ, ದಂಬೆಗೆ ಕಟ್ಟಿದರೆ ಕಟ್ಟಿದ್ದೂ ಜೊತೆಗೇ ಬೀಳುತ್ತದೆ. ಮನೆಯ ನೆತ್ತಿಯ ತೊಲೆಗೆ ಕಟ್ಟಬೇಕು. ಇಲ್ಲವೇ ಗಟ್ಟಿ ನೈಲಾನ್ ಹಗ್ಗವನ್ನು ಮಾಡಿನ ಆಚೆ ಮಗ್ಗುಲಿಗೆ ಇಳಿಸಿ ಹಿತ್ತಿಲಿನ ಬಲಿತ ಹಲಸು, ಮಾವಿನ ಬುಡಕ್ಕೆ ಬಿಗಿಯಬೇಕು. ಹಗ್ಗ ಹಾದುಹೋಗುವ ಅಂಚಿಗೆ ಗೋಣಿಚೀಲ ಮಡಚಿ ಇಡಿ. ದನ ಕಟ್ಟುವ ಹಗ್ಗ, ತೆಂಗಿನ ನಾರಿನ ಹಗ್ಗ, ಬಾವಿಯ ಹಗ್ಗ ಈ ಕೆಲಸಕ್ಕೆ ಬೇಡ.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ಆರು ಅಡಿ ಉದ್ದದ ಹಗ್ಗವನ್ನು ಕಾಲಿನ ಮಟ್ಟದಲ್ಲಿ ಕಟ್ಟಿದರೆ ಬೆನ್ನಿಗೆ ಎಳೆತ ಸಿಗುವಷ್ಟರಲ್ಲಿ ಮನುಷ್ಯ ಹತ್ತಡಿ ಕೆಳಗೆ ಹೋಗಿರುತ್ತಾನೆ. ನಮ್ಮ ಸೂರಿನ ಎತ್ತರವೇ ಎಂಟೊಂಬತ್ತು ಅಡಿ. ಅಂದರೆ ಬೆಲ್ಟು ಹಿಡಿಯುವ ಮೊದಲೇ ನೆಲ ಹಿಡಿಯುತ್ತದೆ. ಆದುದರಿಂದ ನಮ್ಮಂಥ ತಗ್ಗಿನ ಕಟ್ಟಡಗಳಲ್ಲಿ ಹಗ್ಗವನ್ನು ನೆತ್ತಿಯಿಂದ ಅಳೆದು, ಅವನು ಅಂಚಿನ ತನಕ ಹೋಗಲೇ ಆಗದಷ್ಟು ಗಿಡ್ಡ ಮಾಡಿ ಕಟ್ಟಬೇಕು. ಕಟ್ಟಿದ ಎಮ್ಮೆ ಗದ್ದೆಗೆ ಇಳಿಯದಿರುವುದು ಹಗ್ಗ ಅಳೆದು ಕಟ್ಟಿದ್ದರಿಂದಲ್ಲವೇ.

ಬೆಲ್ಟಿನಲ್ಲಿ ಯಾರಾದರೂ ತೂಗಾಡಿದರೆ ಕೂಡಲೇ ಇಳಿಸಬೇಕು. ಅಲುಗಾಡದೆ ತೂಗುತ್ತಿದ್ದರೆ ರಕ್ತ ಕಾಲಿನಲ್ಲೇ ನಿಂತು ಕೆಲವೇ ನಿಮಿಷಗಳಲ್ಲಿ ಎಚ್ಚರ ತಪ್ಪಬಹುದು. ಹಾಗಾಗಿ ಮೇಲೆ ಒಬ್ಬನಿರುವಾಗ ಕೆಳಗೆ ಒಬ್ಬ ಇರಲೇಬೇಕು.

‘ಹಗ್ಗ ಕಟ್ಟಿಕೊಂಡ್ರೆ ನೋಡಿದವ್ರು ನಗಾಡ್ತಾರೆ’ ಎನ್ನುವವರಿದ್ದಾರೆ. ನನ್ನ ಮಗನನ್ನೇ ಮೊದಲು ಬೆಲ್ಟು ಹಾಕಿಸಿ ಮಾಡು ಹತ್ತಿಸಿದೆ. ಯಜಮಾನನ ಮಗ ಕಟ್ಟಿಕೊಂಡದ್ದನ್ನು ಕಂಡ ಮೇಲೆ ಯಾರೂ ನಗಲಿಲ್ಲ.

ಕರೆಂಟು, ಹವೆ, ಆಯಾಸ

ಕಂಬದಿಂದ ಮನೆಗೆ ಬರುವ ತಂತಿ ಸೂರಿನ ಹತ್ತಿರವೇ ಹಾದಿರುತ್ತದೆ. ಮೇನ್ ಸ್ವಿಚ್ ತೆಗೆದರೆ ಸಾಕೆಂದು ತಿಳಿದವರು ಬಹಳ. ಮೇನ್ ಸ್ವಿಚ್ ತೆಗೆದರೂ ಕಂಬದಿಂದ ಸ್ವಿಚ್ಚಿನವರೆಗಿನ ತಂತಿಯಲ್ಲಿ ಕರೆಂಟು ಇದ್ದೇ ಇರುತ್ತದೆ. ಆ ಬದಿಯ ಕೆಲಸವಿದ್ದರೆ ಹೆಸ್ಕಾಂನವರಿಗೆ ಮುಂಚಿತವಾಗಿ ತಿಳಿಸಿ ಲೈನು ತೆಗೆಸಿಕೊಳ್ಳಿ. ಅಲ್ಯೂಮಿನಿಯಂ ಏಣಿಯನ್ನು ತಂತಿಯ ಹತ್ತಿರಕ್ಕೂ ತರಬೇಡಿ. ಸೋಲಾರ್ ಫಲಕಗಳು ಹಗಲಿಡೀ ಕರೆಂಟು ಹುಟ್ಟಿಸುತ್ತಲೇ ಇರುತ್ತವೆಂಬುದು ನೆನಪಿರಲಿ.

ಮೇ ತಿಂಗಳ ಮಧ್ಯಾಹ್ನದ ಮೇಲೆ ಗುಡುಗು ಕೇಳಿದೊಡನೆ ಇಳಿಯಬೇಕು. ಬೆಳಗಿನಿಂದ ದುಡಿದವನಿಗೆ ಸಂಜೆ ಹೊಸ ಕೆಲಸ ಹೇಳಬಾರದು. ತಲೆಸುತ್ತು, ರಕ್ತದೊತ್ತಡ ಇದ್ದವರು, ಕುಡಿದವರು ಹತ್ತಬಾರದು. ಈ ಮಾತನ್ನು ಯಜಮಾನ ಸಂಕೋಚವಿಲ್ಲದೆ ಹೇಳಿ, ಆ ದಿನದ ಪಗಾರು ತಪ್ಪದಂತೆ ಅವನಿಗೆ ನೆಲದ ಮೇಲಿನ ಕೆಲಸ ಕೊಡಬೇಕು. ಪಗಾರು ತಪ್ಪುತ್ತದೆಂಬ ಭಯಕ್ಕೇ ಬಹಳ ಮಂದಿ ಆಗದಿದ್ದರೂ ಹತ್ತುತ್ತಾರೆ.

ಬಿದ್ದರೆ

ಬಿದ್ದವನನ್ನು ಕೈಕಾಲು ಹಿಡಿದು ಎತ್ತಬೇಡಿ. ನಾವು ಅಂದು ಮಾಡಿದ್ದು ಅದೇ ತಪ್ಪು. ಕುತ್ತಿಗೆ, ಬೆನ್ನು ಬಾಗದಂತೆ, ನಾಲ್ಕು ಜನ ಸೇರಿ ಇಡೀ ಮೈಯನ್ನು ಒಟ್ಟಿಗೆ ಹೊರಳಿಸಿ ಹಲಗೆಯ ಮೇಲೆ ಮಲಗಿಸಬೇಕು. ಕುತ್ತಿಗೆಯ ಎರಡೂ ಬದಿಗೆ ಬಟ್ಟೆ ಸುತ್ತಿ ಇಡಬೇಕು. ಕುಡಿಯಲು, ತಿನ್ನಲು ಕೊಡಬಾರದು. 108ಕ್ಕೆ ಕರೆ ಮಾಡಿ ಬರುವ ತನಕ ಅಲುಗಿಸದಿರುವುದು ಲೇಸು. ಮೊಬೈಲ್ ಸಿಗ್ನಲ್ ಸಿಗದ ಮನೆಗಳವರು ಎಲ್ಲಿ ನಿಂತರೆ ಸಿಗ್ನಲ್ ಸಿಗುತ್ತದೆ, ಯಾರ ಮನೆಯಲ್ಲಿ ಜೀಪು ಇದೆ ಎಂಬುದನ್ನು ಕೆಲಸ ಶುರುವಾಗುವ ಮೊದಲೇ ಯೋಚಿಸಿಟ್ಟಿರಬೇಕು.

ಕಾಯಿದೆ ಮತ್ತು ಹಣ

‘ಒಂದು ದಿನದ ಕೂಲಿಗೆ ಬಂದವನು, ಅವನ ಹೊಣೆ ಅವನದೇ’ ಎಂಬ ಮಾತನ್ನು ನಾನೂ ಆಡಿದ್ದುಂಟು. ಕಾಯಿದೆ ಹಾಗೆ ಹೇಳುವುದಿಲ್ಲ. ಕಾರ್ಮಿಕರ ನಷ್ಟಪರಿಹಾರದ ಕಾಯಿದೆ 1923ರಷ್ಟು ಹಳೆಯದು. ಅದರ ಎರಡನೆಯ ಅನುಸೂಚಿಯಲ್ಲಿ ಒಂದಕ್ಕಿಂತ ಹೆಚ್ಚು ಅಂತಸ್ತಿನ, ಇಲ್ಲವೇ ನೆಲದಿಂದ ಮಾಡಿನ ನೆತ್ತಿಗೆ ಹನ್ನೆರಡು ಅಡಿ ಅಥವಾ ಹೆಚ್ಚು ಎತ್ತರವಿರುವ ಕಟ್ಟಡವನ್ನು ಕಟ್ಟುವ, ದುರಸ್ತಿ ಮಾಡುವ, ಕೆಡಹುವ ಕೆಲಸ ಸೇರಿತ್ತು. ನಮ್ಮ ಯಾವ ಮನೆಯ ನೆತ್ತಿ ಹನ್ನೆರಡು ಅಡಿಗಿಂತ ತಗ್ಗಿದೆ? 2000ದ ತಿದ್ದುಪಡಿಯಲ್ಲಿ ಬಿಡಿಗೆಲಸದವರನ್ನು ಹೊರಗಿಡುತ್ತಿದ್ದ ಮಾತನ್ನೂ ತೆಗೆದುಹಾಕಿದರು. ಸಾವು ಅಥವಾ ಪೂರ್ಣ ಶಾಶ್ವತ ಅಂಗವಿಕಲತೆ ಸಂಭವಿಸಿದರೆ, ‘ಅವನೇ ಬೆಲ್ಟು ಬಿಚ್ಚಿದ್ದ’ ಎಂಬ ವಾದವೂ ಆ ಕಾಯಿದೆಯಡಿ ನಡೆಯುತ್ತಿರಲಿಲ್ಲ.

ಮೊತ್ತವೆಷ್ಟು? ಸಾವಿಗೆ ತಿಂಗಳ ಸಂಬಳದ ಅರ್ಧವನ್ನು ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸುವುದು ಕ್ರಮ. 2020ರಲ್ಲಿ ಈ ಲೆಕ್ಕಕ್ಕೆ ಸಂಬಳದ ಮಿತಿಯನ್ನು 15,000 ರೂಪಾಯಿಗೆ ಏರಿಸಿದರು. ನಲವತ್ತು ವರ್ಷದವನಿಗೆ ಅಂಕಿ 184.17. ಅಂದರೆ 7,500 ರೂಪಾಯಿಯ 184.17 ಪಟ್ಟು, 13,81,275 ರೂಪಾಯಿ. ಎರಡು ಎಕರೆ ತೋಟದವನು ಇದನ್ನು ಎಲ್ಲಿಂದ ತರಬೇಕು? ತರಲಾಗದಿದ್ದರೆ ಆ ಹೆಂಡತಿ, ಮಕ್ಕಳು ಏನು ಮಾಡಬೇಕು? ಎರಡೂ ಪ್ರಶ್ನೆಗಳನ್ನು ಒಟ್ಟಿಗೆ ಕೇಳಿಕೊಳ್ಳಬೇಕು.

ಮೇಸ್ತ್ರಿಗೆ ಗುತ್ತಿಗೆ ಕೊಟ್ಟರೆ ನಾವು ಪಾರು ಎಂಬ ನಂಬಿಕೆಯೂ ಅರ್ಧ ಸತ್ಯ. ಕೆಲಸ ಮಾಡಿಸುವವನ ವ್ಯವಹಾರಕ್ಕೇ ಸೇರಿದ ಕೆಲಸವನ್ನು ಗುತ್ತಿಗೆದಾರನ ಆಳು ಮಾಡುವಾಗ ಮೂಲ ಯಜಮಾನನೇ ಕೊಡಬೇಕೆಂದು 1923ರ ಕಾಯಿದೆಯ 12ನೆಯ ಕಲಮು ಹೇಳುತ್ತಿತ್ತು. ಅಡಿಕೆ ಗೋದಾಮಿನ ಮಾಡು ನಮ್ಮ ವ್ಯವಹಾರವೋ ಅಲ್ಲವೋ ಎಂದು ವಕೀಲರು ವಾದಿಸುತ್ತಿರುವಷ್ಟು ದಿನವೂ ಒಂದು ಮನೆಯ ಒಲೆ ಆರಿರುತ್ತದೆ.

ಕಟ್ಟಡ ಕಾರ್ಮಿಕರಿಗೆಂದೇ 1996ರಲ್ಲಿ ಬೇರೊಂದು ಕಾಯಿದೆ ಬಂತು. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆಗೆ ಅದು ಅನ್ವಯವಾಗುತ್ತಿತ್ತು. ಹತ್ತು ಲಕ್ಷ ರೂಪಾಯಿ ಮೀರದ ಸ್ವಂತ ವಾಸದ ಮನೆಯ ಕೆಲಸ ಅದರಿಂದ ಹೊರಗಿತ್ತು. ಕರ್ನಾಟಕದ ನಿಯಮಗಳು 2006ರಲ್ಲಿ ಬಂದವು. 2025ರ ನವೆಂಬರ್ 21ರಿಂದ ಈ ಹಳೆಯ ಕಾಯಿದೆಗಳ ಸ್ಥಾನದಲ್ಲಿ ಕೇಂದ್ರ ಸರಕಾರದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾಗಿವೆ. ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ಕೊಡುವ ಹೊಣೆ ಹೊಸ ಸಂಹಿತೆಯಲ್ಲೂ ಯಜಮಾನನದೇ. ದೊಡ್ಡ ಕಟ್ಟಡ ಎತ್ತುವವರು ಕೆಲಸಕ್ಕೆ ಮೊದಲು ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ ನೋಂದಣಿ ಮಾಡಿಸಿಕೊಳ್ಳುವುದು ಒಳ್ಳೆಯದು. ಸಣ್ಣ ಕೆಲಸ ಕಾಯಿದೆಯ ಹೊರಗೆ ಉಳಿಯಬಹುದು, ಆದರೆ ಭೂಮಿಯ ಸೆಳೆತದ ಹೊರಗೆ ಯಾವ ಮಾಡೂ ಇಲ್ಲ.

ನಾವು ಈಗಲೇ ಮಾಡಬಹುದಾದ ಮೂರು ಕೆಲಸಗಳಿವೆ.

ಮೊದಲನೆಯದು, ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ. 2015ರಲ್ಲಿ ಶುರುವಾದದ್ದು. 18ರಿಂದ 70 ವರ್ಷದ, ಬ್ಯಾಂಕ್ ಖಾತೆ ಇರುವ ಯಾರೂ ಸೇರಬಹುದು. ವರ್ಷಕ್ಕೆ 20 ರೂಪಾಯಿ. ಅಪಘಾತದ ಸಾವಿಗೆ ಅಥವಾ ಪೂರ್ಣ ಅಂಗವಿಕಲತೆಗೆ 2 ಲಕ್ಷ, ಭಾಗಶಃ ಶಾಶ್ವತ ಅಂಗವಿಕಲತೆಗೆ 1 ಲಕ್ಷ. ಇದರ ವರ್ಷ ಜೂನ್ 1ರಿಂದ ಮೇ 31ರ ತನಕ. ಅಂದರೆ ಮಾಡಿನ ಕೆಲಸದ ತಿಂಗಳೇ ನವೀಕರಣದ ತಿಂಗಳು. ನಿಮ್ಮಲ್ಲಿ ದುಡಿಯುವವರ ಖಾತೆಯಲ್ಲಿ ಆ 20 ರೂಪಾಯಿ ಇದೆಯೇ ಎಂದು ಕೇಳಿ.

ಎರಡನೆಯದು, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿ. 18ರಿಂದ 60 ವರ್ಷದೊಳಗಿನ, ಹಿಂದಿನ ಹನ್ನೆರಡು ತಿಂಗಳಲ್ಲಿ ತೊಂಬತ್ತು ದಿನ ಕಟ್ಟಡದ ಕೆಲಸ ಮಾಡಿದವರು ಅರ್ಹರು. ಕೆಲಸ ಮಾಡಿದ್ದಕ್ಕೆ ಪತ್ರ ಕೊಡಬೇಕಾದವರು ಕೆಲಸ ಮಾಡಿಸಿದ ನಾವು. ಸಹಿ ಹಾಕಲು ಹಿಂಜರಿಯಬೇಡಿ. ಸುಳ್ಳು ಪತ್ರವನ್ನು ಮಾತ್ರ ಕೊಡಬೇಡಿ, ಅದು ನಿಜವಾದವನ ಪಾಲನ್ನು ಕಸಿಯುತ್ತದೆ.

ಮೂರನೆಯದು, ಸಾಮಾನ್ಯ ವಿಮಾ ಕಂಪನಿಗಳು ಕೊಡುವ ನೌಕರರ ಪರಿಹಾರದ ವಿಮೆ. ಇದು ಯಜಮಾನನ ಹೊಣೆಯನ್ನು ಹೊರುವ ವಿಮೆ. ಇಷ್ಟು ಜನ, ಇಷ್ಟು ಅವಧಿ ಎಂದು ಗೊತ್ತುಮಾಡಿ ಕೊಳ್ಳಬಹುದು.

ಸಂಘದಿಂದ

ಇಡೀ ಮೈಯ ಬೆಲ್ಟು, ನಲವತ್ತು ಅಡಿ ಹಗ್ಗ, ಮಾಡೇಣಿ, ಎರಡು ಹಲಗೆ, ಹೆಲ್ಮೆಟ್, ಇಷ್ಟನ್ನೂ ಪ್ರತಿ ಮನೆಯವರು ವರ್ಷಕ್ಕೆ ಎರಡು ದಿನದ ಕೆಲಸಕ್ಕಾಗಿ ಕೊಳ್ಳಲಾರರು ಎಂಬುದು ನನಗೆ ಗೊತ್ತು. ಆದರೆ ಒಬ್ಬರಿಂದಾಗದ್ದನ್ನು ಕೂಡಿ ಮಾಡುವುದಕ್ಕೇ ಅಲ್ಲವೇ ನಮ್ಮ ಹಿರಿಯರು ಸಹಕಾರ ಸಂಘ ಕಟ್ಟಿದ್ದು? ಶಿರಸಿಯ ತೋಟಗಾರರು 1923ರಲ್ಲಿ ಮಾರಾಟ ಸಂಘ ಕಟ್ಟಿದ್ದೂ ಅಡಿಕೆಯ ದರವನ್ನು ಒಬ್ಬೊಬ್ಬರೇ ಎದುರಿಸಲಾರದೆ. ಕಾಯಿದೆ ಬಂದ ವರ್ಷವೇ ಸಂಘವೂ ಹುಟ್ಟಿತು. ಸಂಘದ ಮಾತು ನಮ್ಮ ಮನೆಮನೆಗೆ ತಲುಪಿತು, ಕಾಯಿದೆಯ ಮಾತು ನೂರು ವರ್ಷವಾದರೂ ತಲುಪಲಿಲ್ಲ.

ಆದುದರಿಂದ ಮುಂದಿನ ವಾರ್ಷಿಕ ಸಭೆಗೆ ಒಂದು ಠರಾವು ತರಬೇಕೆಂದಿದ್ದೇನೆ. ಸಂಘವು ಇಂಥ ನಾಲ್ಕು ಜೊತೆ ಸಾಮಾನು ಕೊಂಡು, ಔಷಧಿ ಹೊಡೆಯುವ ಪಂಪು ಕೊಟ್ಟಂತೆ ಸದಸ್ಯರಿಗೆ ದಿನದ ಬಾಡಿಗೆಗೆ ಕೊಡಬೇಕು. ಮರಳಿ ಬಂದಾಗ ಪ್ರತಿ ಹಗ್ಗ, ಪ್ರತಿ ಹೊಲಿಗೆಯನ್ನು ನೋಡಿ ಪುಸ್ತಕದಲ್ಲಿ ಬರೆದಿಡಬೇಕು. ಒಮ್ಮೆ ಬಿದ್ದವನನ್ನು ಹಿಡಿದ ಬೆಲ್ಟನ್ನು ಮತ್ತೆ ಬಳಸದೆ ಕತ್ತರಿಸಿ ಎಸೆಯಬೇಕು. ಹಂಚಿನ ಕೆಲಸದವರಿಗೆ ಒಂದು ದಿನದ ಪಾಠವನ್ನು, ಪೂರ್ತಿ ಪಗಾರು ಕೊಟ್ಟು, ಏರ್ಪಡಿಸಬೇಕು. ‘ಇದು ಸಂಘದ ಕೆಲಸವಲ್ಲ’ ಎನ್ನುವವರಿದ್ದರೆ ಸಭೆಗೆ ಬಂದು ಹೇಳಲಿ, ಚರ್ಚೆ ಆಗಲಿ.

ಪಾಠ ಹೇಳಲು ಒಬ್ಬ ಸಿಕ್ಕಿದ್ದಾನೆ. ನಮ್ಮ ಮನೆಯ ಶೆಡ್ಡಿನಿಂದ ಬಿದ್ದವನೇ. ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ‘ಶೀಟಿನ ಮೇಲೆ ಹೆಂಗೆ ಹೋಗ್ಬಾರದು ಅಂತ ನನಗಿಂತ ಗೊತ್ತಿದ್ದವ್ರು ಯಾರಿದಾರೆ, ಹೆಗಡೇರೆ’ ಎಂದ. ಬರಲು ಜೀಪಿನ ವ್ಯವಸ್ಥೆ ಮಾಡಬೇಕು, ಅಷ್ಟು ದೂರ ಅವನಿಗೆ ನಡೆಯಲಾಗುವುದಿಲ್ಲ.

ಅಲ್ಲಿಯ ತನಕ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟು. ನಾಳೆ ನಿಮ್ಮ ಮನೆಯ ಮಾಡಿಗೆ ಯಾರಾದರೂ ಹತ್ತುವವರಿದ್ದರೆ ಇಂದು ಸಂಜೆಯೇ ಏಣಿಯನ್ನು ನೆಲಕ್ಕೆ ಮಲಗಿಸಿ ಒಂದೊಂದು ಮೆಟ್ಟಿಲು ತುಳಿದು ನೋಡಿ.

ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ